ಜೂಜಾಡೋದೇ ಆದ್ರೆ ಸರಿಯಾಗಿ ಆಡು ಕಣೋ...

ಕಳೆದ ಗುರುವಾರ ರಾತ್ರಿ ಹತ್ತೂವರೆಗೆ ಚಿಕ್ಕಪ್ಪನ ಮಗ ಫೋನ್ ಮಾಡಿದ. ಆ ಹೊತ್ತಿಗೆ ಊರ ಕಡೆಯವರ ಫೋನ್ ಬಂತು ಅಂದ್ರೆ ಒಂದೋ ಯಾರಿಗೋ ಹುಷಾರಿಲ್ಲ, ಇಲ್ಲಾಂದ್ರೆ ದುಡ್ಡು ಬೇಕು. ಎಲ್ಲರೂ ಹುಷಾರಾಗಿದ್ದರು.

"ಅಣ್ಣ, ಒಂದೆರಡು ಲಕ್ಷ ಬೇಕಿತ್ತು. ಆರು ತಿಂಗಳಲ್ಲಿ ವಾಪಸ್ ಕೊಡ್ತೀನಿ."

"ಯಾಕೋ, ಏನಾಯ್ತು?"

"ಏನೂ ಆಗಿಲ್ಲ ಕಣಣ್ಣ. ಸ್ಟ್ರಾಟಜಿ ಎಲ್ಲ ಸರಿಯಾಗೇ ಇದೆ. ಹತ್ತು ಟ್ರೇಡಲ್ಲಿ ಆರು ಗೆಲ್ತಾ ಇದೀನಿ. ಕ್ಯಾಪಿಟಲ್ ಸಾಲ್ತಿಲ್ಲ, ಅಷ್ಟೇ."

ಇವನು ಮೆಕ್ಯಾನಿಕಲ್ ಓದಿ, ಬಿಡದಿ ಕಡೆ ಒಂದು ಕಾರ್ಖಾನೆಯಲ್ಲಿ ಮೂರು ವರ್ಷ ಕೆಲಸ ಮಾಡಿ, ಹೋದ ವರ್ಷ ಬಿಟ್ಟ. ಈಗ ಫುಲ್ ಟೈಮ್ ಆಪ್ಷನ್ಸ್ ಟ್ರೇಡರ್. ಪಿಎಫ್ ತೆಗೆದು, ಚಿಕ್ಕಮ್ಮನ ಹತ್ತಿರ ಸ್ವಲ್ಪ ಇಸ್ಕೊಂಡು ಐದು ಲಕ್ಷದಲ್ಲಿ ಶುರು ಮಾಡಿದ್ದ. ಈಗ ಉಳಿದಿರೋದು ಒಂದು ಲಕ್ಷ ಚಿಲ್ಲರೆ. ನನಗೆ ರೇಗಿ ಹೋಯ್ತು. "ಇದು ಜೂಜು ಕಣೋ, ಬಿಡು ಇದನ್ನ" ಅಂದೆ. ಅವನಿಗೂ ರೇಗಿತು. "ನಾನೇನು ಓಸಿ ಬರೆಸ್ತಾ ಇದೀನಾ?" ಅಂತ ಫೋನ್ ಇಟ್ಟ.

ಆಮೇಲೆ ನಿದ್ದೆ ಬರಲಿಲ್ಲ. ಯೋಚನೆ ಮಾಡ್ತಾ ಮಾಡ್ತಾ, ನಾನು ಅಂದಿದ್ದೇ ತಪ್ಪು ಅನ್ನಿಸೋಕೆ ಶುರುವಾಯ್ತು. ಅವನು ಮಾಡ್ತಿರೋದು ಜೂಜು ಅನ್ನೋದು ನನ್ನ ತಕರಾರಲ್ಲ. ಜೂಜನ್ನೇ ಹೊಟ್ಟೆಪಾಡು ಮಾಡಿಕೊಂಡವರು ದುಡ್ಡನ್ನ ಹೇಗೆ ನೋಡಿಕೊಳ್ತಾರೋ ಅದರ ಕಾಲು ಭಾಗ ಶಿಸ್ತು ಇವನಿಗೆ ಇದ್ದಿದ್ರೆ ನಾನು ಎರಡು ಮಾತಾಡದೆ ದುಡ್ಡು ಹಾಕ್ತಿದ್ದೆ. (ಇವನಿಗೆ ಬುದ್ಧಿ ಹೇಳೋಕೆ ನನಗೇನು ಹಕ್ಕು ಅಂತ ಕೇಳಬೇಡಿ. 2020ರ ಲಾಕ್‌ಡೌನಿನಲ್ಲಿ ಎರಡು ತಿಂಗಳ ಸಂಬಳ ಇದೇ ಆಪ್ಷನ್ಸಿನಲ್ಲಿ ಕರಗಿಸಿದವನು ನಾನು. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.)

ಅವನು ಹೇಳಿದ ಆ "ಹತ್ತರಲ್ಲಿ ಆರು" ಅನ್ನೋದನ್ನೇ ತಗೊಳ್ಳಿ. ನಿಜ ಅಂತಲೇ ಇಟ್ಕೊಳ್ಳೋಣ. ಒಂದು ನಾಣ್ಯ ಇದೆ, ನೂರು ಸಲ ಚಿಮ್ಮಿದರೆ ಅರವತ್ತು ಸಲ ನೀವು ಗೆಲ್ತೀರಿ. ಗೆದ್ದರೆ ಇಟ್ಟಷ್ಟು ಸಿಗುತ್ತೆ, ಸೋತರೆ ಇಟ್ಟಿದ್ದು ಹೋಗುತ್ತೆ. ಇಂಥ ನಾಣ್ಯ ಸಿಕ್ಕಿದರೆ ಸಾಕ್ಷಾತ್ ಲಕ್ಷ್ಮಿ ಬಂದ ಹಾಗೆ ಅಲ್ವಾ? ಕೈಯಲ್ಲಿ ನೂರು ರೂಪಾಯಿ ಇದೆ. ಪ್ರತಿ ಸಲ, ಆ ಕ್ಷಣಕ್ಕೆ ಕೈಯಲ್ಲಿರೋದರಲ್ಲಿ ಎಷ್ಟು ಪಾಲು ಇಡ್ತೀರಿ?

ರಾತ್ರಿ ಒಂದು ಗಂಟೆಗೆ ಎದ್ದು ಎಕ್ಸೆಲ್ ತೆಗೆದು ಕೂತೆ. ಸರಿಯಾಗಿ ಅರವತ್ತು ಗೆಲುವು, ನಲವತ್ತು ಸೋಲು ಬಂತು ಅಂತ ಲೆಕ್ಕ. ಪ್ರತಿ ಸಲ ಶೇ 10 ಇಟ್ಟರೆ ನೂರು ರೂಪಾಯಿ ಕೊನೆಗೆ 450 ಆಗುತ್ತೆ. ಶೇ 20 ಇಟ್ಟರೆ 749. ವಾಹ್, ಹಾಗಾದ್ರೆ ಇನ್ನೂ ಜಾಸ್ತಿ ಇಡೋಣ ಅಂತ ಶೇ 40 ಇಟ್ಟರೆ... 78 ರೂಪಾಯಿ. ಅಸಲೇ ಇಲ್ಲ! ಪ್ರತಿ ಸಲ ಅರ್ಧ ಇಟ್ಟರೆ ಕೊನೆಗೆ ಉಳಿಯೋದು ಮೂರು ರೂಪಾಯಿ ಮೂವತ್ತನಾಲ್ಕು ಪೈಸೆ.

ಇನ್ನೊಂದು ಸಲ ಓದಿ. ಅದೇ ನಾಣ್ಯ, ಅದೇ ಅರವತ್ತು ಗೆಲುವು. ಒಬ್ಬ ಏಳು ಪಟ್ಟು ಮಾಡಿಕೊಂಡ, ಇನ್ನೊಬ್ಬನಿಗೆ ಅರ್ಧ ಟೀಗೂ ದುಡ್ಡಿಲ್ಲ. ಕಾರಣ ಏನೂ ಮಂತ್ರ ಅಲ್ಲ. ನೂರರಲ್ಲಿ ಅರ್ಧ ಕಳ್ಕೊಂಡರೆ ಐವತ್ತು. ಅಲ್ಲಿಂದ ಅರ್ಧ ಗೆದ್ದರೆ ಎಪ್ಪತ್ತೈದೇ. ಐವತ್ತು ಪರ್ಸೆಂಟ್ ಬಿದ್ದವನು ಮೇಲೆ ಬರೋಕೆ ನೂರು ಪರ್ಸೆಂಟ್ ಏರಬೇಕು. ನಮ್ಮ ತಮ್ಮ ಎಕ್ಸ್‌ಪೈರಿ ದಿನ ಎಷ್ಟು ಹಾಕ್ತಿದ್ದ ಅಂತ ಆಮೇಲೆ ಗೊತ್ತಾಯ್ತು. "ಅರ್ಧಕ್ಕಿಂತ ಜಾಸ್ತಿ ಯಾವತ್ತೂ ಹಾಕಿಲ್ಲ ಅಣ್ಣ" ಅಂದ, ಹೆಮ್ಮೆಯಿಂದ! ಅವನಿಗೆ ಐದು ಲಕ್ಷದ ಬದಲು ಐವತ್ತು ಲಕ್ಷ ಕೊಟ್ಟಿದ್ದರೂ ಕತೆ ಇದೇ, ಸೊನ್ನೆ ಮಾತ್ರ ಒಂದು ಜಾಸ್ತಿ.

ಈ ಶೇ 20 ಎಲ್ಲಿಂದ ಬಂತು ಅಂದರೆ, ಅದು ಜಾನ್ ಕೆಲ್ಲಿ ಅನ್ನೋ ಬೆಲ್ ಲ್ಯಾಬ್ಸ್ ವಿಜ್ಞಾನಿ 1956ರಲ್ಲಿ ಬರೆದ ಪ್ರಬಂಧದ ಸೂತ್ರ. ಆತ ಬರೆದಿದ್ದು ಟೆಲಿಫೋನ್ ತಂತಿಯಲ್ಲಿ ಮಾಹಿತಿ ಹರಿಯೋದರ ಬಗ್ಗೆ. ಅದರೊಳಗೆ ಒಬ್ಬ ಜೂಜುಕೋರನನ್ನ ಕೂರಿಸಿ, ಅವನ ಗಂಟು ಅತಿ ವೇಗವಾಗಿ ಬೆಳೀಬೇಕಾದ್ರೆ ಎಷ್ಟು ಪಾಲು ಪಣ ಇಡಬೇಕು ಅಂತ ಲೆಕ್ಕ ಕಟ್ಟಿದ. ಸರಿಸಮ ಪಣದ ಆಟಕ್ಕೆ ಅದು ಬಲು ಸರಳ: ಗೆಲ್ಲೋ ಸಾಧ್ಯತೆಯಿಂದ ಸೋಲೋ ಸಾಧ್ಯತೆ ಕಳೀರಿ. ಅರವತ್ತರಲ್ಲಿ ನಲವತ್ತು ಹೋದರೆ ಇಪ್ಪತ್ತು. ಐವತ್ತು-ಐವತ್ತು ಆದರೆ? ಸೊನ್ನೆ. ಅಂದರೆ ಆಡಬೇಡ. ಮೈನಸ್ ಬಂದರೆ ಆ ಜಾಗದಿಂದ ಎದ್ದು ಬಾ. ನನಗೆ ಈ ಸೂತ್ರದಲ್ಲಿ ಬಹಳ ಇಷ್ಟ ಆಗೋದು ಈ "ಆಡಬೇಡ" ಅನ್ನೋ ಉತ್ತರವೇ.

ಇದನ್ನ ಕ್ಯಾಸಿನೊಗೆ ತಗೊಂಡು ಹೋದವನು ಎಡ್ವರ್ಡ್ ಥಾರ್ಪ್. ಎಂಐಟಿಯಲ್ಲಿ ಗಣಿತದ ಮೇಷ್ಟ್ರು. ನಮ್ಮ ಬ್ಲಾಗ್ ಬಳಗದಲ್ಲಿ ಅರ್ಧಕ್ಕರ್ಧ ಜನ ಕೋಡ್ ಬರೆಯೋರೇ ಇದೀರಲ್ಲ, ನಿಮಗೆ ಈತ ಖಂಡಿತ ಇಷ್ಟ ಆಗ್ತಾನೆ. ಐಬಿಎಂ 704 ಅನ್ನೋ ಆನೆಯಂಥ ಕಂಪ್ಯೂಟರಿಗೆ ಫೋರ್ಟ್ರಾನ್ ಕಲಿತು, ಬ್ಲ್ಯಾಕ್‌ಜಾಕ್ ಅನ್ನೋ ಇಸ್ಪೀಟಾಟದಲ್ಲಿ ಯಾವ ಯಾವ ಎಲೆ ಆಗಲೇ ಬಿದ್ದಿವೆ ಅಂತ ನೆನಪಿಟ್ಟುಕೊಂಡರೆ ಆಟಗಾರನ ಕಡೆಗೇ ವಾಲುತ್ತೆ ಅಂತ ತೋರಿಸಿದ. ಎಷ್ಟು ವಾಲುತ್ತೆ? ಸರಾಸರಿ ನೋಡಿದರೆ ಒಂದೆರಡು ಪರ್ಸೆಂಟ್, ಅಷ್ಟೇ. ಕ್ಲಾಡ್ ಶ್ಯಾನನ್ ಜೊತೆ ಸೇರಿ ರೂಲೆಟ್ ಚಕ್ರದ ಚೆಂಡು ಎಲ್ಲಿ ಬೀಳುತ್ತೆ ಅಂತ ಊಹಿಸೋ, ಮೈಮೇಲೆ ಬಚ್ಚಿಟ್ಟುಕೊಳ್ಳೋ ಕಂಪ್ಯೂಟರನ್ನೂ 1961ರಲ್ಲಿ ಮಾಡಿದ್ದ. ಕಿವಿಗೆ ಹೋಗೋ ತಂತಿ ಪದೇ ಪದೇ ಕಿತ್ತು ಬರ್ತಿತ್ತಂತೆ. ಹಾರ್ಡ್‌ವೇರ್ ಯಾವ ಕಾಲದಲ್ಲೂ ಹಾರ್ಡ್‌ವೇರೇ :)

ಆದರೆ ನನಗೆ ಹೇಳಬೇಕಾಗಿರೋದು ಬೇರೆ. 1961ರಲ್ಲೇ ಇಬ್ಬರು ಸಾಹುಕಾರ ಜೂಜುಗಾರರು ಈತನ ಬೆನ್ನಿಗೆ ನಿಂತು, ಒಂದು ಲಕ್ಷ ಡಾಲರ್ ಕೊಡ್ತೀವಿ, ನೆವಾಡಾಕ್ಕೆ ಬಾ ಆಡು ಅಂದರು. ಥಾರ್ಪ್ ಹತ್ತು ಸಾವಿರ ಸಾಕು ಅಂದ. ಲೆಕ್ಕ ಕೈಯಲ್ಲಿದೆ, ಗೆಲ್ತೀನಿ ಅನ್ನೋ ಧೈರ್ಯ ಇದೆ, ದುಡ್ಡೂ ತನ್ನದಲ್ಲ. ಆದರೂ, ಮನಸ್ಸು ನಡುಗದಷ್ಟೇ ಪಣ ಇಡ್ತೀನಿ, ಅದಕ್ಕೆ ಒಗ್ಗಿದ ಮೇಲೆ ಏರಿಸ್ತೀನಿ ಅಂತ ಚಿಕ್ಕದಾಗಿ ಶುರು ಮಾಡಿದ. ಆ ಪ್ರವಾಸದಲ್ಲಿ ಹತ್ತು ಸಾವಿರ ಇಪ್ಪತ್ತೊಂದು ಸಾವಿರ ಆಯ್ತು. ಆಮೇಲೆ ಷೇರು ಪೇಟೆಗೂ ಬಂದು 1969ರಿಂದ 1988ರವರೆಗೆ ಫಂಡ್ ನಡೆಸಿದ. ಒಂದು ವರ್ಷವೂ ನಷ್ಟ ಕಾಣಲಿಲ್ಲ. ಇಂಥ ಮನುಷ್ಯ ಕೊಟ್ಟ ದುಡ್ಡಲ್ಲಿ ಹತ್ತರಲ್ಲೊಂದು ಪಾಲು ಸಾಕು ಅಂತಾನೆ. ನಮ್ಮವನು ಹನ್ನೊಂದು ತಿಂಗಳಲ್ಲಿ ನಾಲ್ಕು ಲಕ್ಷ ಸುಟ್ಟು ಇನ್ನೆರಡು ತಾ ಅಂತಾನೆ.

ಕೆಲ್ಲಿ ಹೇಳಿದಷ್ಟೂ ಇಡೋದು ಕೂಡ ಗುಂಡಿಗೆ ಗಟ್ಟಿ ಇದ್ದೋರಿಗೆ ಮಾತ್ರ. ಪೂರ್ತಿ ಕೆಲ್ಲಿ ಪ್ರಕಾರ ಆಡಿದರೆ ಯಾವತ್ತಾದರೂ ಒಂದು ದಿನ ಗಂಟು ಅರ್ಧಕ್ಕೆ ಇಳಿಯೋ ಸಾಧ್ಯತೆ ಹೆಚ್ಚುಕಮ್ಮಿ ಐವತ್ತು ಪರ್ಸೆಂಟ್. ಅದರ ಅರ್ಧ ಮಾತ್ರ ಇಟ್ಟರೆ ಬೆಳವಣಿಗೆ ಮುಕ್ಕಾಲು ಪಾಲು ಸಿಗುತ್ತೆ, ಅರ್ಧಕ್ಕೆ ಇಳಿಯೋ ಸಾಧ್ಯತೆ ಎಂಟರಲ್ಲಿ ಒಂದಕ್ಕೆ ಬರುತ್ತೆ. ಜೊತೆಗೆ ನಮ್ಮ "ಅರವತ್ತು" ನಿಜವಾಗಿ ಅರವತ್ತೇ ಅಂತ ಯಾರು ಬರೆದುಕೊಟ್ಟಿದಾರೆ? ಅದು ಐವತ್ತೈದಾಗಿದ್ದರೆ ಶೇ 20 ಅನ್ನೋದೇ ಎರಡು ಪಟ್ಟು ಜಾಸ್ತಿ. ಅದಕ್ಕೇ ಬಲ್ಲವರು ಅರ್ಧ, ಮೂರರಲ್ಲೊಂದು ಅಂತ ಕಡಿಮೆ ಮಾಡಿಕೊಳ್ಳೋದು. ಹಾಂಗ್‌ಕಾಂಗಿನ ಕುದುರೆ ರೇಸಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೋಟಿಗಟ್ಟಲೆ ಗೆದ್ದ ಬಿಲ್ ಬೆಂಟರ್ 1994ರ ತನ್ನ ಪ್ರಬಂಧದಲ್ಲಿ ಇದನ್ನೇ ಬರೆದಿದ್ದಾನೆ. ಅವನೂ ಶುರುವಿನಲ್ಲಿ ಗಂಟಿನ ಬಹುಪಾಲು ಕಳೆದುಕೊಂಡವನೇ.

ಓದಿದವರಿಗೆ ಇದೆಲ್ಲ ಗೊತ್ತಿರುತ್ತೆ ಬಿಡಿ ಅಂತೀರಾ? ವಿಕ್ಟರ್ ಹಗಾನಿ, ರಿಚರ್ಡ್ ಡ್ಯೂಯಿ ಅನ್ನೋ ಇಬ್ಬರು 2016ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಫೈನಾನ್ಸ್, ಎಕನಾಮಿಕ್ಸ್ ಓದುತ್ತಿದ್ದವರು ಮತ್ತು ಆ ಕ್ಷೇತ್ರದಲ್ಲೇ ಕೆಲಸ ಮಾಡೋ ಹುಡುಗರು, ಒಟ್ಟು 61 ಜನ. ಕೈಗೆ 25 ಡಾಲರ್, ಅರ್ಧ ಗಂಟೆ ಸಮಯ, ಮತ್ತು ಇದೇ ನಾಣ್ಯ! ಹೆಡ್ ಬೀಳೋದು ಶೇ 60 ಅಂತ ಮೊದಲೇ ಹೇಳಿಬಿಟ್ಟಿದ್ದರು. ಸುಮ್ಮನೆ ಹೆಡ್ ಮೇಲೆ ಸ್ವಲ್ಪ ಸ್ವಲ್ಪ ಇಡ್ತಾ ಕೂತಿದ್ದರೆ ಗರಿಷ್ಠ ಬಹುಮಾನವಾದ 250 ಡಾಲರ್ ಹೆಚ್ಚುಕಮ್ಮಿ ಎಲ್ಲರ ಜೇಬಿಗೆ. ಆದದ್ದು ಏನು ಅಂದರೆ, ಶೇ 28ರಷ್ಟು ಜನ ಪೂರ್ತಿ ದಿವಾಳಿ. 18 ಜನ ಯಾವುದೋ ಒಂದು ಸಲಕ್ಕೆ ಇದ್ದಬದ್ದದ್ದೆಲ್ಲ ಇಟ್ಟರು. ಮೂರರಲ್ಲಿ ಎರಡು ಪಾಲು ಜನ ಒಂದಲ್ಲ ಒಂದು ಹೊತ್ತಲ್ಲಿ ಟೇಲ್ ಮೇಲೂ ಕಟ್ಟಿದರು. ಯಾಕೆ ಸ್ವಾಮಿ?! ಪ್ರಯೋಗ ಮಾಡಿದ ಹಗಾನಿಯೂ 1998ರಲ್ಲಿ ಮುಳುಗಿದ, ನೊಬೆಲ್ ಪಡೆದವರೇ ಪಾಲುದಾರರಾಗಿದ್ದ ಎಲ್‌ಟಿಸಿಎಂ ಫಂಡಿನ ಪಾಲುದಾರನೇ. ಪೆಟ್ಟು ತಿಂದವನೇ ಪಾಠ ಹೇಳೋಕೆ ಬಂದಿದ್ದು ನನಗೆ ಯಾಕೋ ಹಿಡಿಸಿತು.

ನಮ್ಮ ಕಡೆ ಜೂಜಿನ ಮಾತು ಬಂದರೆ ಧರ್ಮರಾಯ ಬರಲೇಬೇಕು. ಎಲ್ಲರೂ ಶಕುನಿಯ ದಾಳವನ್ನೇ ಬೈತಾರೆ. ನನ್ನ ಪ್ರಕಾರ ದಾಳ ನೆಟ್ಟಗಿದ್ದರೂ ಧರ್ಮರಾಯ ಕಾಡಿಗೆ ಹೋಗೋನೇ. ಸೋತಂತೆಲ್ಲ ಪಣ ಏರಿಸಿ, ಕೊನೆಗೆ ತಮ್ಮಂದಿರು, ತಾನು, ಹೆಂಡತಿ ಅಂತ ಹೋದವನನ್ನ ಯಾವ ದಾಳ ಕಾಯುತ್ತೆ? ಇದಕ್ಕಿಂತ ಮಜಾ ನಳನ ಕತೆ. ಕನಕದಾಸರ ನಳಚರಿತ್ರೆಯಿಂದ ನಮಗೆಲ್ಲ ಗೊತ್ತಿರೋನೇ. ಮಹಾಭಾರತದ ವನಪರ್ವದಲ್ಲಿ ಋತುಪರ್ಣ ರಾಜ ಒಂದು ಮರದ ಎಲೆ-ಕಾಯಿಗಳನ್ನ ನೋಡಿಯೇ ಎಷ್ಟಿವೆ ಅಂತ ಹೇಳ್ತಾನೆ, ಆಮೇಲೆ ಅದೇ ಲೆಕ್ಕದ ವಿದ್ಯೆ, ಅಕ್ಷಹೃದಯವನ್ನ ನಳನಿಗೆ ಕಲಿಸ್ತಾನೆ. ಅಂದರೆ ನಳನಿಗೂ ಥಾರ್ಪನ ಹಾಗೆ ಎಡ್ಜ್ ಸಿಕ್ಕಿತು. ಸಿಕ್ಕಿದ ಮೇಲೆ ಪುಷ್ಕರನ ಮುಂದೆ ಹೋಗಿ ಮಾಡಿದ್ದೇನು? ಒಂದೇ ಪಣ, ಎಲ್ಲವನ್ನೂ ಇಟ್ಟ, ಪ್ರಾಣ ಸಮೇತ! ಗೆದ್ದ, ಸರಿ. ಗೆದ್ದಿದ್ದರಿಂದ ಕತೆ ಉಳೀತು. ಸೋತಿದ್ದ ನಳರ ಕತೆ ಯಾರು ಬರೀತಾರೆ? ನಮ್ಮ ತಮ್ಮ ಫೋನಲ್ಲಿ ನೋಡೋ ವಿಡಿಯೊಗಳಲ್ಲೂ ಗೆದ್ದ ನಳರೇ ಇರೋದು.

ಕಸುಬುದಾರ ಜೂಜುಗಾರನಿಗೆ ಇನ್ನೊಂದು ತಾಪತ್ರಯ ಇದೆ. ಅದನ್ನ ಯಾರೂ ಸಿನಿಮಾದಲ್ಲಿ ತೋರಿಸಲ್ಲ. ಬಾಡಿಗೆ. ಆಟದ ಗಂಟು ಬೇರೆ, ಮನೆ ಖರ್ಚಿನ ಗಂಟು ಬೇರೆ ಇರಬೇಕು ಅನ್ನೋದು ಅವರ ಮೊದಲ ಪಾಠ. ಗೆಲುವು ತಿಂಗಳು ತಿಂಗಳು ಒಂದನೇ ತಾರೀಕಿಗೆ ಬರಲ್ಲ, ಬಾಡಿಗೆ ಮಾತ್ರ ಬರುತ್ತೆ. ನಮ್ಮವನ ಲೆಕ್ಕ ನೋಡಿ: ಗಂಟು ಐದು ಲಕ್ಷ. ಬೆಂಗಳೂರಲ್ಲಿ ರೂಮು, ಊಟ, ಬೈಕಿನ ಇಎಂಐ, ಚಿಕ್ಕಮ್ಮನಿಗೆ ಕಳಿಸೋದು ಸೇರಿ ತಿಂಗಳಿಗೆ ನಲವತ್ತು ಸಾವಿರ. ಅಂದರೆ ತಿಂಗಳಿಗೆ ಶೇ 8 ಗೆದ್ದರೆ ಇದ್ದಲ್ಲೇ ಇರ್ತಾನೆ. ವರ್ಷಕ್ಕೆ 4 ಲಕ್ಷ 80 ಸಾವಿರ. ಬರೀ ನಿಂತಲ್ಲಿ ನಿಲ್ಲೋಕೆ ವರ್ಷಕ್ಕೆ ಹತ್ತಿರ ಹತ್ತಿರ ಗಂಟಿನಷ್ಟೇ ದುಡೀಬೇಕು! ಥಾರ್ಪನ ಫಂಡು ವರ್ಷಕ್ಕೆ ಸರಾಸರಿ ಇಪ್ಪತ್ತು ಪರ್ಸೆಂಟಿನ ಆಸುಪಾಸು ಮಾಡಿದ್ದಕ್ಕೆ ದಂತಕತೆ ಆದ. ಈ ಒತ್ತಡ ಇದ್ದವನು ಚಿಕ್ಕ ಪಣ ಹೇಗೆ ಇಡ್ತಾನೆ? ಬಾಡಿಗೆ ಬಂದಾಗ ಪಣ ದೊಡ್ಡದಾಗುತ್ತೆ. "ಕ್ಯಾಪಿಟಲ್ ಸಾಲ್ತಿಲ್ಲ" ಅನ್ನೋ ಮಾತಲ್ಲಿ ಇಷ್ಟರ ಮಟ್ಟಿಗೆ ನಿಜ ಇದೆ. ಅದಕ್ಕೆ ಮದ್ದು ಸಾಲ ಅಲ್ಲ, ಸಂಬಳ. ಕೆಲಸ ಇಟ್ಟುಕೊಂಡೇ ಚಿಕ್ಕದಾಗಿ ಆಡು ಅಂತ ಅವತ್ತು ಹೇಳಿದ್ದೆ. "ಫೋಕಸ್ ಬೇಕು ಅಣ್ಣ" ಅಂದಿದ್ದ.

ಅಂದಹಾಗೆ ನಮ್ಮ ದೇಶದಲ್ಲಿ ನಿಜವಾದ ಕಸುಬುದಾರ ಜೂಜುಗಾರ ಬದುಕೋದೇ ಕಷ್ಟ, ಕಾರಣ ಪೊಲೀಸರಿಗಿಂತ ಹೆಚ್ಚಾಗಿ ತೆರಿಗೆ. ಕುದುರೆ ಪಂದ್ಯ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ, ಸರಿ. ಆದರೆ ಬಾಜಿಯ ಪೂರ್ತಿ ಮೊತ್ತದ ಮೇಲೆ 2023ರ ಅಕ್ಟೋಬರಿನಿಂದ ಶೇ 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40 ಆಯ್ತು. ಗೆದ್ದದ್ದಕ್ಕೆ ಶೇ 30 ಆದಾಯ ತೆರಿಗೆ, ಸೋತಿದ್ದನ್ನ ಅದರಲ್ಲಿ ಕಳೆಯೋ ಹಾಗಿಲ್ಲ. ವರ್ಷದಲ್ಲಿ ಐದು ಲಕ್ಷ ಗೆದ್ದು ನಾಲ್ಕು ಲಕ್ಷ ಸೋತವನ ಕೈಲಿ ಉಳಿಯೋದು ಒಂದು ಲಕ್ಷ, ತೆರಿಗೆ ಒಂದೂವರೆ ಲಕ್ಷ! ಒಂದೆರಡು ಪರ್ಸೆಂಟ್ ಎಡ್ಜ್ ಇಟ್ಟುಕೊಂಡವನು ಇಲ್ಲಿ ಬಾಗಿಲಲ್ಲೇ ಸತ್ತ. ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನಂತೂ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ಮಾಡಿ ನಿಷೇಧಿಸಿತು. ಹೀಗಾಗಿ ರಮ್ಮಿ ಆಡ್ತಿದ್ದ ಹುಡುಗರೆಲ್ಲ ಈಗ ಆಪ್ಷನ್ಸಿಗೆ ಬಂದಿದಾರೇನೋ ಅಂತ ನನ್ನ ಗುಮಾನಿ.

ಬಂದು ಏನಾಗ್ತಿದೆ ಅಂತ ಸೆಬಿಯವರೇ ಲೆಕ್ಕ ಕೊಟ್ಟಿದಾರೆ. 2024ರ ಸೆಪ್ಟೆಂಬರಿನ ವರದಿ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ ಆಡಿದ ಒಂದು ಕೋಟಿಗೂ ಮೀರಿದ ಜನರಲ್ಲಿ ಶೇ 93 ಮಂದಿ ನಷ್ಟದಲ್ಲಿ. ಒಟ್ಟು ನಷ್ಟ 1.8 ಲಕ್ಷ ಕೋಟಿ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಮಾಡಿದವರು ನೂರಕ್ಕೆ ಒಬ್ಬರು. ಸತತವಾಗಿ ನಷ್ಟ ಆದರೂ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಬಿಡಲಿಲ್ಲ. ಮೂವತ್ತರೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ 31ರಿಂದ 43ಕ್ಕೆ ಏರಿದೆ, ಅಂದರೆ ನಾನು, ನನ್ನ ತಮ್ಮ, ನಿಮ್ಮ ರೂಮ್‌ಮೇಟು. ಈ ತೊಂಬತ್ತಮೂರು ಜನರಿಗೆ ನಾನು ಇಷ್ಟು ಹೊತ್ತು ಹೇಳಿದ ಶೇ 20, ಅರ್ಧ ಕೆಲ್ಲಿ ಎಲ್ಲ ಉಪಯೋಗಕ್ಕೆ ಬರಲ್ಲ. ಎಡ್ಜೇ ಇಲ್ಲದವನಿಗೆ ಪಣದ ಲೆಕ್ಕ ಸಾವನ್ನ ನಿಧಾನ ಮಾಡುತ್ತೆ ಅಷ್ಟೇ. ಸೋತಾಗ ದುಪ್ಪಟ್ಟು ಹಾಕ್ತಾ ಹೋಗೋ ಉಪಾಯವಂತೂ ಕೇಳಲೇಬೇಡಿ, ನೂರು ರೂಪಾಯಿಂದ ಶುರು ಮಾಡಿ ಹತ್ತು ಸಲ ಸತತ ಸೋತರೆ ಹೋಗಿರೋದು 1,02,300. ಅಷ್ಟೆಲ್ಲ ಕಷ್ಟಪಟ್ಟಿದ್ದು ನೂರು ರೂಪಾಯಿ ಗೆಲ್ಲೋಕೆ.

ಚಿಕ್ಕವರಿದ್ದಾಗ ಯುಗಾದಿಗೆ ಊರಲ್ಲಿ ಎಲ್ಲರೂ ಇಸ್ಪೀಟಿಗೆ ಕೂರ್ತಿದ್ದೆವು. ಮಂಡ್ಯದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಜ್ಜಿ ನಮಗೆಲ್ಲ ತಲೆಗೆ ಹತ್ತು ರೂಪಾಯಿ ಚಿಲ್ಲರೆ ಕೊಡೋಳು. ಮುಗೀತಾ, ಏಳು. ಚಾಪೆ ಮೇಲೆ ಸಾಲ ಇಲ್ಲ. ಇವನು ಮಾತ್ರ ಪ್ರತಿ ವರ್ಷ ಮೊದಲ ಅರ್ಧ ಗಂಟೆಯಲ್ಲೇ ಖಾಲಿ ಮಾಡಿಕೊಂಡು, ಅಜ್ಜಿಗೆ ಕಾಣದ ಹಾಗೆ ನನ್ನ ತೊಡೆ ಚಿವುಟಿ "ಒಂದ್ರೂಪಾಯ್ ಕೊಡಣ್ಣ" ಅನ್ನೋನು. ಕೊಡ್ತಿದ್ದೆ.

ಶನಿವಾರ ನಾನೇ ಫೋನ್ ಮಾಡಿದೆ. ಜೂಜು ಅಂದಿದ್ದಕ್ಕೆ ಬೇಜಾರು ಮಾಡ್ಕೋಬೇಡ ಅಂದೆ. ಆಮೇಲೆ ಹೇಳಿದೆ: ಹನ್ನೊಂದು ತಿಂಗಳಿನ ಒಂದೊಂದು ಟ್ರೇಡನ್ನೂ ಒಂದು ಶೀಟಿಗೆ ಹಾಕು. ಎಷ್ಟು ಇಟ್ಟೆ, ಎಷ್ಟು ಬಂತು, ಬ್ರೋಕರೇಜು-ತೆರಿಗೆ ಎಷ್ಟು ಹೋಯ್ತು, ಆ ದಿನ ಕೈಯಲ್ಲಿ ಎಷ್ಟಿತ್ತು. ಖರ್ಚು ಕಳೆದ ಮೇಲೂ ಎಡ್ಜ್ ಇದೆ ಅಂತ ಆ ಶೀಟು ಹೇಳಿದರೆ ದುಡ್ಡು ಕೊಡ್ತೀನಿ, ಒಂದು ಸಲಕ್ಕೆ ಶೇ 2ಕ್ಕಿಂತ ಜಾಸ್ತಿ ಹಾಕೋ ಹಾಗಿಲ್ಲ ಅನ್ನೋ ಷರತ್ತಿನ ಮೇಲೆ. ಇಲ್ಲ ಅಂತ ಬಂದರೆ ಆರು ತಿಂಗಳ ಬಾಡಿಗೆ ನಾನು ಕಟ್ತೀನಿ, ಅಷ್ಟರಲ್ಲಿ ಕೆಲಸ ಹುಡುಕು. ಬರೀ ಟ್ರೇಡಿಂಗಿಗೆ ಅಂತ ಮಾತ್ರ ಒಂದು ರೂಪಾಯಿ ಇಲ್ಲ. ಹೇಳುವಾಗ ನನ್ನ ಲಾಕ್‌ಡೌನ್ ಕತೆಯನ್ನೂ ಹೇಳಿಬಿಟ್ಟೆ. ಅವನು ಸುಮಾರು ಹೊತ್ತು ಮಾತಾಡಲಿಲ್ಲ. "ಎಷ್ಟು ಹೋಯ್ತು?" ಅಂತ ಕೇಳಿದ. ಹೇಳಿದೆ. "ಹೂಂ" ಅಂದ.

ಇವತ್ತಿಗೆ ನಾಲ್ಕು ದಿನ ಆಯ್ತು. ಶೀಟು ಇನ್ನೂ ಬಂದಿಲ್ಲ. ನಿನ್ನೆ ಅಮ್ಮ ಫೋನ್ ಮಾಡಿದಾಗ, "ಪಾಪ, ಮಗು ಏನೋ ಕೇಳ್ತಂತೆ, ಕೊಟ್ಯಾ?" ಅಂದಳು. ಇಲ್ಲಮ್ಮ, ಲೆಕ್ಕ ಕಳಿಸ್ತೀನಿ ಅಂದಿದಾನೆ, ಕಾಯ್ತಾ ಇದೀನಿ ಅಂದೆ.